ಚೀಟಿಯ ಮೇಲಿನ ಹೆಸರು ಅಳಿಸಿದರೆ ಸಾಕೆ?

ಸರ್ಕಾರಿ ಆಸ್ಪತ್ರೆಯ ಚೀಟಿ ಒಂದು ಕಾಲಕ್ಕೆ ಬರೀ ಚೀಟಿಯಾಗಿತ್ತು. ಸೆರಗಿನ ಗಂಟಿನಲ್ಲಿ ನೆನೆದು, ಮಡಿಕೆ ಹರಿದು ಹೋಗುತ್ತಿತ್ತು. ಈಗ ಅದು ಕಂಪ್ಯೂಟರಿಗೆ ಸೇರಿದೆ. 2021ರಿಂದ ದೇಶದುದ್ದಕ್ಕೂ ರೋಗಿಗಳಿಗೆ 14 ಅಂಕಿಯ ಆಭಾ ಸಂಖ್ಯೆ ಕೊಡುತ್ತಾ ಬಂದಿದ್ದಾರೆ. ಹೀಗೆ ಕೂಡಿಬಿದ್ದ ದಾಖಲೆಗಳನ್ನು ಸಂಶೋಧನೆಗೆ ಕೊಡಬೇಕು, ಹೆಸರು ಅಳಿಸಿ ಕೊಟ್ಟರೆ ಯಾರಿಗೂ ತೊಂದರೆಯಿಲ್ಲ ಅಂತ ತಿಳಿದವರು ಹೇಳುತ್ತಾರೆ. ಇದಕ್ಕೆ ನಾವು ಹೂಂ ಅನ್ನಬೇಕೆ, ಊಹೂಂ ಅನ್ನಬೇಕೆ?

ಊಹೂಂ ಅನ್ನೋದು ಸುಲಭ. ಆದರೆ ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. ಅಲ್ಲಿ ನೆಲದಡಿ ಕಲ್ಲು ಕೊರೆದವರಲ್ಲಿ ಬಹಳಷ್ಟು ಜನ ನಮ್ಮವರೇ, ಉತ್ತರ ಆರ್ಕಾಟಿನ ಕಡೆಯಿಂದ ಬಂದ ಅಸ್ಪೃಶ್ಯರು. ಕಲ್ಲಿನ ದೂಳು ಎದೆಗೆ ಕೂತು ಕೆಮ್ಮಿ ಕೆಮ್ಮಿ ಸತ್ತರು. ಯಾರೂ ಎಣಿಸದೆ ಇದ್ದಷ್ಟು ದಿನ ಅದು ಅವರ ಹಣೆಬರಹವಾಗಿತ್ತು. 1940ರ ದಶಕದಲ್ಲಿ 7,000ಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ 100ಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಎಣಿಸಿದ ಮೇಲೆ ಹಣೆಬರಹ ಹೋಗಿ ಗಣಿಯ ಹೊಣೆ ಬಂತು. ನಮ್ಮ ಸಾವನ್ನು ಲೆಕ್ಕಕ್ಕೆ ತರುವ ವಿಜ್ಞಾನ ನಮಗೆ ಬೇಕು, ಬೇರೆಯವರಿಗಿಂತ ಹೆಚ್ಚಾಗಿ ಬೇಕು.

ಆದರೆ ಅದೇ ಎಕ್ಸ್‌ರೇ ಪರಿಹಾರ ಕೊಡುವ ಕಚೇರಿಗೆ ಹೋದರೆ ರುಜುವಾತು. ಮೇಸ್ತ್ರಿ ಕೈಗೆ ಸಿಕ್ಕಿದರೆ ಕೆಲಸದಿಂದ ಕಿತ್ತುಹಾಕಲು ನೆಪ. ಫಿಲಂ ಒಂದೇ, ಕೈ ಬೇರೆ. ಆ ಕೈಯನ್ನು ಯಾರು ಹಿಡಿಯುತ್ತಾರೆ?

ಹೆಸರು ಅಳಿಸಿದ್ದೇವಲ್ಲ ಅನ್ನುತ್ತಾರೆ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿತ್ತು. ಲತಾನ್ಯಾ ಸ್ವೀನಿ ಎಂಬ ಕಪ್ಪು ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಒಂದು ಊರಿನ ಮತದಾರರ ಪಟ್ಟಿ ಕೊಂಡಳು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಅಂಚೆಯ ಪಿನ್ ಸಂಖ್ಯೆ, ಇವಿಷ್ಟನ್ನು ತಾಳೆ ಹಾಕಿ ಆ ರಾಜ್ಯದ ಗವರ್ನರನ ಕಾಯಿಲೆಯ ದಾಖಲೆಯನ್ನೇ ಹೊರಗೆಳೆದಳು. ಗವರ್ನರನ ಪಾಡೇ ಹೀಗಾದರೆ ಕೇರಿಯವರ ಪಾಡೇನು?

ನಮ್ಮಲ್ಲಿ ಅಷ್ಟು ತಾಳೆಯೂ ಬೇಕಾಗಿಲ್ಲ. ಊರಾಚೆ ಹನ್ನೆರಡು ಗುಡಿಸಲ ಕೇರಿ. ದಾಖಲೆಯಲ್ಲಿ ಹೆಸರಿಲ್ಲ. ಊರು ಇಂಥದು, ಪ.ಜಾ., ಹೆಂಗಸು, ವಯಸ್ಸು 34, ಕ್ಷಯ. ಇಷ್ಟು ಕಂಡರೆ ಹೋಟೆಲಿನ ಬೆಂಚಿನ ಮೇಲೆ ಕೂತವನೂ ಬೆರಳು ಮಾಡಿ ತೋರಿಸ್ತಾನೆ. ಆಕೆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳಾಗಿದ್ದರೆ? ಕೇರಿಯವಳು ಮುಟ್ಟಿದ ಅನ್ನ ನಮ್ಮ ಮಕ್ಕಳು ಉಣ್ಣಲ್ಲ ಅಂತ ತಟ್ಟೆ ತಳ್ಳಿದ ಊರುಗಳು ಈ ನಾಡಲ್ಲಿವೆ. ಜಾತಿಯ ಹೆಸರಲ್ಲಿ ಹೇಳಿದರೆ ಕೇಸಾಗ್ತದೆ. ರೋಗದ ಹೆಸರಲ್ಲಿ ಹೇಳಿದರೆ ಅದು ಆರೋಗ್ಯದ ಕಾಳಜಿ! ಔಷಧ ನುಂಗಿ ಆಕೆ ಪೂರ್ತಿ ಗುಣವಾದರೂ ಆ ಮಾತು ಗುಣವಾಗುವುದಿಲ್ಲ. ಮೇಲಿನವರ ದಾಖಲೆಯಲ್ಲಿ ಹೆಸರು ಅಳಿಸಿದರೆ ಗುರುತು ಅಳಿಯಬಹುದು. ನಮಗೆ ಕೇರಿಯೇ ಹೆಸರು.

ಹಾಗಾದರೆ ಜಾತಿಯ ಕಾಲಂ ಕಿತ್ತುಬಿಡಿ ಅನ್ನುವ ಸಜ್ಜನರೂ ಇದ್ದಾರೆ. ಇದು ಬಲು ನಾಜೂಕಿನ ಮೋಸ. ಕಿತ್ತರೆ ನಮ್ಮ ಸಾವು ಎಲ್ಲರ ಸಾವಿನಲ್ಲಿ ಬೆರೆತು ಕಾಣದೆ ಹೋಗುತ್ತದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಓಪನ್‌ಸೇಫ್ಲಿ ಎಂಬ ವ್ಯವಸ್ಥೆಯ ಮೂಲಕ ಸುಮಾರು 1.7 ಕೋಟಿ ಜನರ ದಾಖಲೆ ನೋಡಿದಾಗ, ಕೋವಿಡ್‌ನಿಂದ ಬಡವರು, ಕಪ್ಪುಜನ, ನಮ್ಮ ಕಡೆಯಿಂದ ಹೋದ ದಕ್ಷಿಣ ಏಷ್ಯಾದ ಜನ ಸಾಯುವ ಅಪಾಯ ಹೆಚ್ಚು ಅಂತ ಸಿದ್ಧವಾಯಿತು. ಕಾಲಂ ಇದ್ದುದರಿಂದ ಅದು ಕಂಡಿತು. ಅಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ದಾಖಲೆಗಳನ್ನು ಸಂಶೋಧಕರ ಕೈಗೆ ಕೊಡಲಿಲ್ಲ. ದಾಖಲೆ ಇದ್ದಲ್ಲೇ ಇತ್ತು. ಸಂಶೋಧಕ ತನ್ನ ಲೆಕ್ಕದ ಸೂತ್ರವನ್ನು ಅಲ್ಲಿಗೆ ಕಳಿಸಬೇಕು, ಉತ್ತರದ ಮೊತ್ತ ಮಾತ್ರ ಹೊರಗೆ ಬರುತ್ತದೆ. ಯಾರು ಯಾವ ಲೆಕ್ಕ ಹಾಕಿದರು ಎಂಬುದೂ ಬಯಲಲ್ಲೇ ಇರುತ್ತದೆ. ಅಂದರೆ ದಾರಿ ಇಲ್ಲ ಅನ್ನುವುದು ಸುಳ್ಳು.

ನಮ್ಮ ದೇಶದಲ್ಲಿ ಒಪ್ಪಿಗೆ ಅಂದರೆ ಹೆಬ್ಬೆಟ್ಟು. 'ಇಲ್ಲಿ ಒತ್ತಮ್ಮ' ಅಂದರೆ ಒತ್ತಬೇಕು. ಒತ್ತದಿದ್ದರೆ ಮಾತ್ರೆ ಸಿಗುತ್ತೋ ಇಲ್ಲವೋ ಎಂಬ ಭಯ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆಯಿತು. ಅದರಲ್ಲಿ ಆದಿವಾಸಿ ಹುಡುಗಿಯರು ಬಹಳ ಮಂದಿ. ಎಷ್ಟೋ ಒಪ್ಪಿಗೆ ಪತ್ರಗಳಿಗೆ ರುಜು ಹಾಕಿದ್ದು ಹೆತ್ತವರಲ್ಲ, ಹಾಸ್ಟೆಲ್ ವಾರ್ಡನ್‌ಗಳು, ಹೆಡ್‌ಮಾಸ್ತರರು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಇದನ್ನು ಖಂಡಿಸಿತು. ಅದು ಸೂಜಿಯ ವಿಷಯ, ದಾಖಲೆಯದಲ್ಲ, ನಿಜ. ಆದರೆ ಹಾಸ್ಟೆಲಿನ ಅನ್ನ ಉಂಡು ಓದಿದ ನಮಗೆ ವಾರ್ಡನ್ನಿನ ರುಜು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಖಾಸಗಿತನ ಅನ್ನೋದು ಉಳ್ಳವರ ಷೋಕಿ, ಹಸಿದವನಿಗೆ ಅದೆಲ್ಲ ಯಾಕೆ ಎಂಬ ಮಾತು ನಮ್ಮ ಗೆಳೆಯರ ಬಾಯಲ್ಲೂ ಬರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದರು. ಇದು ಉಳ್ಳವರ ಹಕ್ಕು ಎಂಬ ವಾದವನ್ನು ತಳ್ಳಿಹಾಕಿದರು. ಆಮೇಲೆ ಆದದ್ದೇನು? 2019ರ ಮಸೂದೆಯಲ್ಲಿ ಆರೋಗ್ಯ, ಜಾತಿ, ಬುಡಕಟ್ಟು ಇವನ್ನು ಸೂಕ್ಷ್ಮ ಮಾಹಿತಿ ಅಂತ ಬೇರೆಯಾಗಿ ಪಟ್ಟಿ ಮಾಡಿದ್ದರು. 2023ರಲ್ಲಿ ಕಾಯ್ದೆಯಾಗಿ ಬಂದಾಗ ಆ ಪಟ್ಟಿಯೇ ಮಾಯ. ಸಂಶೋಧನೆಗೆ ವಿನಾಯಿತಿ ಮಾತ್ರ ಉಳಿಯಿತು. ಒಬ್ಬ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡಲು ಬಳಸಬಾರದು ಎಂಬ ಷರತ್ತಿದೆ. ಸರಿ, ಒಂದು ಕೇರಿಯ ಬಗ್ಗೆಯೇ ತೀರ್ಮಾನ ಮಾಡಿದರೆ?

ಹೆಬ್ಬೆಟ್ಟು ಒತ್ತಿದವಳ ಮೇಲಲ್ಲ, ದಾಖಲೆ ಬಳಸುವವನ ಮೇಲೆ ಕಟ್ಟು ಬೀಳಬೇಕು. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಾನೆ ಅಂತ ಮೊದಲೇ ಬಹಿರಂಗವಾಗಿ ಹೇಳಲಿ. ಕಂಡದ್ದನ್ನು ಕೇರಿಗೆ ಬಂದು ಕನ್ನಡದಲ್ಲಿ ಹೇಳಲಿ. ಗುರುತು ಬಿಟ್ಟುಕೊಟ್ಟರೆ ಜೈಲಿಗೆ ಹೋಗಲಿ. ಸಂಶೋಧನೆಗೆ ಅಪ್ಪಣೆ ಕೊಡುವ ನೈತಿಕ ಸಮಿತಿಯಲ್ಲಿ ವೈದ್ಯರು, ವಕೀಲರ ಜೊತೆ ಒಬ್ಬ ಸಾಮಾನ್ಯ ಪ್ರಜೆಯೂ ಇರಬೇಕು ಅಂತ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಆ ಕುರ್ಚಿಯಲ್ಲಿ ಕೇರಿಯ ಹೆಣ್ಣುಮಗಳೊಬ್ಬಳು ಕೂತದ್ದನ್ನು ನಾವು ಇನ್ನೂ ನೋಡಿಲ್ಲ. ಕೂತರೆ ಆಕೆ ಮೊದಲು ಕೇಳುವುದು ಇದನ್ನೇ: ಸ್ವಾಮಿ, ಜಾತಿ ಬರೆದುಕೊಳ್ಳಿ, ರೋಗ ಬರೆದುಕೊಳ್ಳಿ, ಬೇಡ ಅನ್ನಲ್ಲ, ಊರಿನ ಹೆಸರು ಯಾಕೆ ಬೇಕು, ಜಿಲ್ಲೆ ಸಾಲದೆ?