ದಿನದ ಧಮ್ಮ ಚಿಂತನೆ: ನಕ್ಷತ್ರದ ಸುತ್ತಲಿನ ಧೂಳು

 

ಧಮ್ಮ ಬಂಧುಗಳೇ, ಇಂದು ನಾನು ಧೂಳಿನ ಬಗ್ಗೆ ಬರೆಯುತ್ತಿದ್ದೇನೆ. ಊರಿನ ಧೂಳು ಗುಡಿಸುವ ಕೆಲಸವನ್ನು ನಮ್ಮ ಹಿರಿಯರ ತಲೆಗೆ ಕಟ್ಟಿದ್ದರು. ಆದ್ದರಿಂದ ಧೂಳಿನ ಮಾತಾಡುವ ಹಕ್ಕು ನಮಗೆ ಸ್ವಲ್ಪ ಹೆಚ್ಚೇ ಇದೆ.

ಬೀಟಾ ಪಿಕ್ಟೋರಿಸ್ ಎಂಬ ನಕ್ಷತ್ರ ನಮ್ಮಿಂದ ಸುಮಾರು 63 ಜ್ಯೋತಿರ್ವರ್ಷ ದೂರದಲ್ಲಿದೆ. ವಯಸ್ಸು ಸುಮಾರು 2 ಕೋಟಿ ವರ್ಷ. 460 ಕೋಟಿ ವರ್ಷದ ನಮ್ಮ ಸೂರ್ಯನ ಮುಂದೆ ಹಸುಗೂಸು. 1984ರಲ್ಲಿ ಚಿಲಿ ದೇಶದಿಂದ ತೆಗೆದ ಚಿತ್ರದಲ್ಲಿ ಅದರ ಸುತ್ತ ತಟ್ಟೆಯಂತೆ ಹರಡಿದ ಧೂಳು ಕಂಡಿತು. ಅಲ್ಲಿ ಧೂಮಕೇತುಗಳೂ ಬಂಡೆಗಳೂ ಡಿಕ್ಕಿಯಾಗಿ ಪುಡಿಯಾಗುತ್ತಲೇ ಇವೆ.

ಆ ಧೂಳಿನಲ್ಲಿ ಏನಿದೆ ಎಂದು ತಿಳಿದದ್ದು ಹೇಗೆ? ಯಾರೂ ಅದನ್ನು ಮುಟ್ಟಿಲ್ಲ. ಪ್ರತಿ ಖನಿಜವೂ ತನ್ನದೇ ಗುರುತಿನ ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ. ಹರ್ಷೆಲ್ ದೂರದರ್ಶಕ ಆ ಬೆಳಕನ್ನು ಬಿಡಿಸಿ ನೋಡಿತು. ಅಲ್ಲಿ ಆಲಿವಿನ್ ಹರಳುಗಳಿವೆ, ಮೆಗ್ನೀಸಿಯಂ ಹೇರಳ, ಕಬ್ಬಿಣ ತೀರಾ ಕಡಿಮೆ ಎಂದು 2012ರಲ್ಲಿ ಪ್ರಕಟವಾಯಿತು. ನಮ್ಮ ಸೌರಮಂಡಲದ ಧೂಮಕೇತುಗಳಲ್ಲೂ ಇಂಥದ್ದೇ ಹರಳು.

ನಮ್ಮಜ್ಜಿ ಬೊಗಸೆಯೊಡ್ಡಿದಾಗ ಎತ್ತರದಿಂದ ನೀರು ಹೊಯ್ದವರೂ ಮುಟ್ಟಲಿಲ್ಲ. ಆದರೆ ಅವರು ಪರೀಕ್ಷಿಸಲೂ ಇಲ್ಲ. ಕೇರಿಯ ಹೆಸರು ಕೇಳಿದರೆ ಅವರಿಗೆ ಸಾಕಾಗಿತ್ತು. ಪರಂಪರೆ ಹೇಳಿತೆಂದು ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದ್ದು ಇಂಥ ತೀರ್ಪುಗಳಿಗೇ ಎಂದು ನಾನು ಓದಿಕೊಳ್ಳುತ್ತೇನೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ದಿನ ಹಿಡಿದಿಟ್ಟಿದೆ. ಸಿಲಿಕೇಟ್ ಧೂಳು ಹರಳಾಗಬೇಕಾದರೆ ನೂರಾರು ಡಿಗ್ರಿ ಕಾಯಬೇಕು. ಆದರೆ ಹರಳು ಸಿಗುವುದು ಹಿಮಗಟ್ಟಿದ ಧೂಮಕೇತುಗಳಲ್ಲಿ! 2006ರಲ್ಲಿ ಸ್ಟಾರ್‌ಡಸ್ಟ್ ನೌಕೆ ವೈಲ್ಡ್ 2 ಧೂಮಕೇತುವಿನಿಂದ ತಂದ ಕಣಗಳಲ್ಲೂ ಹೀಗೆ ಬೆಂದವು ಇದ್ದವು. ಎಳೆಯ ಸೂರ್ಯನ ಹತ್ತಿರ ಕಾದ ಕಣಗಳು ಹೊರ ಅಂಚಿನ ಚಳಿಗೆ ಸಾಗಿ ಬಂದಿವೆ ಎಂಬುದು ವಿಜ್ಞಾನಿಗಳ ವಿವರಣೆ. ಹುಟ್ಟಿದ ಜಾಗದಲ್ಲೇ ಬಿದ್ದಿರಬೇಕೆಂಬ ಕಟ್ಟಳೆ ಧೂಳಿಗೂ ಇಲ್ಲ ನೋಡಿ.

ಮೆಗ್ನೀಸಿಯಂ ನಮ್ಮ ಮೂಳೆಯಲ್ಲೂ ಇದೆ. ರೋಹಿತ್ ವೇಮುಲ 2016ರ ತಮ್ಮ ಕೊನೆಯ ಪತ್ರದಲ್ಲಿ ನಕ್ಷತ್ರಧೂಳಿನ ಮಾತು ಬರೆದಾಗ ಅದನ್ನು ಬರೀ ಕವಿತೆ ಎಂದುಕೊಂಡವರಿದ್ದಾರೆ. ಅದು ವಿಜ್ಞಾನವೂ ಹೌದು.

ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಪುನರ್ಜನ್ಮವನ್ನು ವಿವರಿಸುವಾಗ ಆತ್ಮವನ್ನು ತರುವುದಿಲ್ಲ, ದೇಹದ ಧಾತುಗಳು ಆಕಾಶದ ಧಾತುರಾಶಿಗೆ ಸೇರುತ್ತವೆ ಎನ್ನುತ್ತಾರೆ. ಭಾನುವಾರ ವಿಹಾರದಲ್ಲಿ ಆ ಭಾಗವನ್ನೇ ಓದೋಣ. ಮಕ್ಕಳನ್ನೂ ಕರೆತನ್ನಿ, ಅವರ ಪ್ರಶ್ನೆಗಳು ನಮ್ಮವಕ್ಕಿಂತ ಚೂಪು.

ಭವತು ಸಬ್ಬ ಮಂಗಲಂ 🙏