‘ಆರಾಮ ಅದೀನಿ’ ಅನ್ನೋ ಉತ್ತರ

ನಮ್ಮ ಕಡೆ ಫೋನಿನ ಮಾತು ಶುರುವಾಗುವುದೇ ಒಂದು ಪ್ರಶ್ನೆಯಿಂದ: “ಯವ್ವಾ, ಆರಾಮ ಅದೀಯೇನ?” ಉತ್ತರವೂ ಒಂದೇ: “ಹ್ಞೂಂ, ಆರಾಮ ಅದೀನಿ ತಮ್ಮಾ. ನೀ ಉಂಡ್ಯೇನ?” ನಾಲತವಾಡದಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ರಾತ್ರಿ ಎಷ್ಟು ಫೋನ್ ಹೋಗುತ್ತವೋ, ಹೆಚ್ಚುಕಡಿಮೆ ಎಲ್ಲದರಲ್ಲೂ ಈ ಮಾತು ಇದ್ದೇ ಇರುತ್ತದೆ. ಮೊಣಕಾಲು ಬಾತಿದ್ದರೂ ಆರಾಮ. ಮೂರು ದಿನದಿಂದ ಜ್ವರ ಇದ್ದರೂ ಆರಾಮ.

ನಮ್ಮ ಕೆಲಸದಲ್ಲಿ ಹೆಲ್ತ್ ಚೆಕ್ ಅಂತ ಒಂದಿದೆ. ಕೆಲವು ಸೆಕೆಂಡಿಗೊಮ್ಮೆ ಸರ್ವರಿಗೆ “ಇದ್ದೀಯಾ?” ಅಂತ ಕೇಳುತ್ತೇವೆ, ಅದು “200 ಓಕೆ” ಅನ್ನುತ್ತದೆ. ಹಿಂದಿನ ಡೇಟಾಬೇಸ್ ಮಲಗಿಬಿಟ್ಟಿದ್ದರೂ ಮುಂದಿನ ಸರ್ವರ್ ಓಕೆ ಅನ್ನುತ್ತಲೇ ಇರಬಹುದು. ಅದರದೇನೂ ಸುಳ್ಳಲ್ಲ, ನಾವು ಕೇಳಿದ್ದಕ್ಕಷ್ಟೇ ಅದು ಉತ್ತರ ಕೊಟ್ಟಿದೆ. ಅವ್ವನ ‘ಆರಾಮ’ವೂ ಸುಳ್ಳಲ್ಲ. ಅದು ಆಕೆಯ ಆರೋಗ್ಯದ ವರದಿ ಅಲ್ಲ ಅಷ್ಟೇ. ನೀ ನಿಶ್ಚಿಂತಿಯಿಂದ ಮಲಕೋ ಅಂತ ಮಗನಿಗೆ ಕೊಡುವ ಅನುಮತಿ.

ಹಾಗಾದರೆ ಅಪ್ಪ-ಅವ್ವನಿಗೆ ಈಗಿರುವುದಕ್ಕಿಂತ ಹೆಚ್ಚು ಆಸರೆ ಬೇಕಾಗಿದೆ ಅಂತ ಗೊತ್ತಾಗುವುದು ಹೇಗೆ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ. ಗೊತ್ತಾದ ಮೇಲೆ ಅವರ ಬದುಕಿನ ಬಗ್ಗೆ ತೀರ್ಮಾನ ಮಾಡುವ ಹಕ್ಕು ನನಗೆ ಎಷ್ಟಿದೆ? ಮೊದಲನೆಯದರ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ಎರಡನೆಯದು ಯಾಕೋ ಬಿಟ್ಟೇ ಹೋಗುತ್ತದೆ.

ಮೊದಲನೆಯದಕ್ಕೆ ವೈದ್ಯರ ಹತ್ತಿರ ಹಳೆಯ ಎರಡು ಪಟ್ಟಿ ಇವೆ. 1963ರಲ್ಲಿ ಅಮೆರಿಕದ ಸಿಡ್ನಿ ಕಾಟ್ಜ್ ಮತ್ತು ಅವರ ಜೊತೆಯವರು ಆರು ಕೆಲಸಗಳನ್ನು ಗುರುತಿಸಿದರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಇನ್ನೂ ಎಂಟು ಸೇರಿಸಿದರು: ಫೋನ್ ಬಳಸುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ತನ್ನ ಔಷಧ ತಾನೇ ತಗೊಳ್ಳುವುದು, ದುಡ್ಡಿನ ಲೆಕ್ಕ. ಸಾಮಾನ್ಯವಾಗಿ ಮೊದಲು ಜಾರುವುದು ಈ ಎಂಟರ ಪಟ್ಟಿ. ಆರರ ಪಟ್ಟಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ.

ಈ ಎಂಟನ್ನು ನಮ್ಮ ಊರಿಗೆ ತಂದು ನೋಡ್ರಿ. ದಿನಾ ಜೋಳದ ರೊಟ್ಟಿ ಬಡಿಯುತ್ತಿದ್ದ ಅವ್ವ ಈಗ ಅನ್ನಕ್ಕೇ ಮುಗಿಸುತ್ತಿದ್ದಾಳೆ. ಶೇಂಗಾ ಹಿಂಡಿಯಲ್ಲಿ ಉಪ್ಪು ಎರಡು ಸಲ ಬಿದ್ದಿದೆ. ಅಪ್ಪ ವೀರೇಶ್ವರ ಶರಣರ ಗುಡಿಗೆ ಹೋಗುವುದು ಬಿಟ್ಟು ಕಟ್ಟೆಯ ಮೇಲೇ ಕೂಡುತ್ತಾನೆ. ಸಂಧ್ಯಾ ಸುರಕ್ಷಾ ಪಿಂಚಣಿ ತರಲು ಬ್ಯಾಂಕಿಗೆ ಹೋಗಿಲ್ಲ. ಬಿಪಿ ಗುಳಿಗೆಯ ಪಟ್ಟಿಯಲ್ಲಿ ಖಾಲಿಯಾಗಬೇಕಿದ್ದ ಮನೆಗಳು ತುಂಬಿಯೇ ಇವೆ. ಇವು ಯಾವುವೂ ಫೋನಿನಲ್ಲಿ ಕೇಳಿಸುವುದಿಲ್ಲ. ಅವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಸದ್ದಿಲ್ಲದೆ ಏನನ್ನು ಬಿಟ್ಟಿದ್ದಾರೆ ಅನ್ನುವುದನ್ನು ನೋಡಬೇಕು.

ಆದರೆ ಬಿಟ್ಟದ್ದು ಕಾಣಬೇಕಾದರೆ ಮೊದಲು ಏನು ಮಾಡುತ್ತಿದ್ದರು ಅನ್ನುವುದು ಗೊತ್ತಿರಬೇಕಲ್ಲ? 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಸಿನಿಮಾದಲ್ಲಿ ಅನಂತ್ ನಾಗ್ ಮಾಡಿದ ವೆಂಕೋಬ ರಾವ್‌ಗೆ ಆಲ್ಝೈಮರ್ ಇರುತ್ತದೆ, ಅವರು ಕಾಣೆಯಾಗುತ್ತಾರೆ. ಕಾಣೆಯಾದವರ ಪ್ರಕಟಣೆಯ ಸವಕಲು ಮಾತನ್ನೇ ಹೇಮಂತ್ ರಾವ್ ಸಿನಿಮಾದ ಹೆಸರು ಮಾಡಿದರು. ಮಗ ಅಪ್ಪನನ್ನು ಹುಡುಕುತ್ತಾ ಹೋದಂತೆ, ಅಪ್ಪ ಎಂಥವರು ಅಂತ ಅವನಿಗೆ ತಿಳಿಯುತ್ತಾ ಹೋಗುತ್ತದೆ. ಹತ್ತನೇ ಕ್ಲಾಸಿನ ಮೇಲೆ ಊರು ಬಿಟ್ಟ ನಮ್ಮಂಥವರು ಈ ಮಾತನ್ನು ನಮಗೂ ಕೇಳಿಕೊಳ್ಳಬೇಕು. ನಮ್ಮ ಅಪ್ಪನ ಬಗ್ಗೆ ಬಣ್ಣ, ಮೈಕಟ್ಟು ಬಿಟ್ಟು ಇನ್ನೇನು ಬರೆಸಬಲ್ಲೆವು?

ಈ ವಿಷಯದಲ್ಲಿ ನಮಗಿಂತ ಊರೇ ಮೇಲು. ಹಾಲು ಕೊಡುವವಳು, ಕಿರಾಣಿ ಅಂಗಡಿಯವರು, ಬಾಜೂ ಮನೆಯ ದೊಡ್ಡವ್ವ ದಿನಾ ನೋಡುತ್ತಾರೆ. ನಮ್ಮ ಅವ್ವ ವಾರದ ಸಂತೆಗೆ ಹೋಗುವುದನ್ನು ನಿಲ್ಲಿಸಿದಾಗ “ಕಾಲು ನೋಯ್ತಾವು” ಅಂದಿದ್ದಳು. ದೊಡ್ಡವ್ವ ಬೇರೆಯದೇ ಹೇಳಿದಳು: “ಕಾಲಲ್ಲೋ ತಮ್ಮಾ, ಆಕಿಗೆ ನೋಟು ಗುರ್ತು ಸಿಗವಲ್ದು. ಎರಡ ಸಲ ಚಿಲ್ಲರಿ ಕಡಿಮಿ ಬಂತು, ಮರ್ಯಾದಿಗಂಜಿ ಸುಮ್ಮನಾದ್ಲು.” ಕಣ್ಣು ತೋರಿಸಿದೆವು. ಪೊರೆ ಬಂದಿತ್ತು. ಆಪರೇಷನ್ ಆಗಿ ಎರಡು ತಿಂಗಳಿಗೆ ಚೀಲ ಹಿಡಿದು ಮತ್ತೆ ಸಂತೆಗೆ ಹೊರಟಳು. ಸಂತೆ ಬಿಟ್ಟದ್ದನ್ನೇ ಕಾರಣ ಮಾಡಿ ಆಕೆಯನ್ನು ಬೆಂಗಳೂರಿಗೆ ಕರೆತಂದಿದ್ದರೆ, ಹತ್ತನೇ ಮಹಡಿಯ ಬಾಲ್ಕನಿಯಲ್ಲಿ ಪೊರೆ ಹಾಗೇ ಇರುತ್ತಿತ್ತು, ಸಂತೆ ಮಾತ್ರ ಪೂರ್ತಿ ಹೋಗಿಬಿಡುತ್ತಿತ್ತು.

ಅದಕ್ಕೇ ‘ವಯಸ್ಸಾತು’ ಅನ್ನುವುದನ್ನು ಉತ್ತರ ಅಂತ ಒಪ್ಪಿಕೊಳ್ಳಬಾರದು. ಕಣ್ಣಿನ ಪೊರೆ, ಕಿವಿ ಮಂದ, ಥೈರಾಯ್ಡ್, ಬಿ12 ಕೊರತೆ, ಗುಳಿಗೆಗಳ ಅಡ್ಡ ಪರಿಣಾಮ, ಮನಸ್ಸಿನ ಖಿನ್ನತೆ, ಇವೆಲ್ಲ ಹೊರಗಿನಿಂದ ಮುಪ್ಪಿನ ಹಾಗೇ ಕಾಣುತ್ತವೆ, ಆದರೆ ಇವಕ್ಕೆ ಔಷಧೋಪಚಾರ ಇದೆ. ಒಂದೆರಡು ದಿನದಲ್ಲೇ ಇದ್ದಕ್ಕಿದ್ದಂತೆ ದಿಕ್ಕುತಪ್ಪಿದ ಹಾಗೆ ಮಾತಾಡಿದರೆ ಅದು ಮರೆವು ಅಲ್ಲ. ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ ಇರಬಹುದು, ಕೂಡಲೇ ದವಾಖಾನೆಗೆ ಒಯ್ಯಬೇಕು. ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವ ಮರೆವಿನ ದಾರಿ ಬೇರೆ. ಅದಕ್ಕೂ ತಪಾಸಣೆ ಬೇಕು. ಇನ್ನೊಂದು ಮಾತು: ಅಪ್ಪ ಹಾಸಿಗೆ ಹಿಡಿದಿದ್ದರೆ ಅವ್ವನ ಕಡೆ ಹೆಚ್ಚು ಗಮನ ಕೊಡ್ರಿ. ನೋಡಿಕೊಳ್ಳುವವರ ‘ಆರಾಮ’ವನ್ನು ಯಾರೂ ಪರೀಕ್ಷಿಸುವುದಿಲ್ಲ.

ಇನ್ನು ಎರಡನೇ ಪ್ರಶ್ನೆ. ಗೊತ್ತಾಯಿತು, ಆಸರೆ ಬೇಕು. ಅವರು ಬೇಡ ಅಂದರೆ?

ಅಪ್ಪ ಕೋಲು ಹಿಡಿಯಲ್ಲ ಅನ್ನುತ್ತಾನೆ. ಬೀಳಬಹುದು ಅಂತ ಅವನಿಗೂ ಗೊತ್ತು. ಗೊತ್ತಿದ್ದೂ ಬೇಡ ಅಂದರೆ ಅದು ಅವನ ಆಯ್ಕೆ. ನಾವು ರಾತ್ರಿ ಎರಡರವರೆಗೆ ರಿಲೀಸ್ ಮಾಡಿ, ಬೆನ್ನು ನೋವು, ನಿದ್ದೆಗೇಡು ಎರಡನ್ನೂ ಆರಿಸಿಕೊಳ್ಳುತ್ತೇವಲ್ಲ, ಹಾಗೆ. ನಾನು ಹೇಳಬಹುದು, ಮತ್ತೆ ಹೇಳಬಹುದು, ಬಚ್ಚಲಿಗೆ ಹಿಡಿಕೆ ಹಾಕಿಸಲೇನು ಅಂತ ಕೇಳಬಹುದು. ಕಸಿದುಕೊಳ್ಳುವ ಹಾಗಿಲ್ಲ. ಆದರೆ ಕಣ್ಣು ಮಂಜಾದ ಮೇಲೂ ಗಾಡಿ ಹತ್ತಿ ಹೊಲಕ್ಕೆ ಹೊರಟರೆ ಆ ಅಪಾಯ ಅವನೊಬ್ಬನದಲ್ಲ, ರಸ್ತೆಯಲ್ಲಿ ಶಾಲೆಗೆ ಹೋಗುವ ಹುಡುಗರದೂ ಹೌದು. ಅಲ್ಲಿ ಗಾಡಿಯ ಕೀಲಿಕೈ ಇಸಿದುಕೊಳ್ಳಲೇಬೇಕು, ಜೊತೆಗೆ ಹೊಲಕ್ಕೆ ಹೋಗಿಬರಲು ಬೇರೆ ದಾರಿಯನ್ನೂ ಮಾಡಿಕೊಡಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಅಪಾಯ ಏನು ಅಂತ ತಿಳಿಯುವ ಶಕ್ತಿಯೇ ಹೋಗಿರುವುದು. ಆಗ ತೀರ್ಮಾನ ನಮ್ಮ ಮೇಲೆ ಬೀಳುತ್ತದೆ. ಹಾಗಂತ ಎಲ್ಲವೂ ಒಂದೇ ದಿನ ನಮ್ಮದಾಗುವುದಿಲ್ಲ. ಬ್ಯಾಂಕಿನ ಕಾಗದ ತಿಳಿಯದವರಿಗೂ ಯಾವ ಧೋತರ ಉಡಬೇಕು, ಎಲ್ಲಿ ಕೂಡಬೇಕು, ಯಾರ ಜೊತೆ ಮಾತಾಡಬೇಕು ಅನ್ನುವುದು ತಿಳಿದಿರುತ್ತದೆ.

ಬೇಡ ಅನ್ನುವುದರ ಹಿಂದೆ ಬರೀ ಹಟ ಇರುವುದಿಲ್ಲ. ಒಂದಕ್ಕೆ ಹ್ಞೂಂ ಅಂದರೆ ಉಳಿದದ್ದೆಲ್ಲ ಹೋಗುತ್ತದೆ ಅನ್ನುವ ಹೆದರಿಕೆ ಇರುತ್ತದೆ. ಆ ಹೆದರಿಕೆ ಸುಳ್ಳೂ ಅಲ್ಲ. “ಅವ್ವನ್ನ ಇಲ್ಲಿಗೇ ಕರಕೊಂಡು ಬಂದ್ವಿ” ಅಂತ ಹೇಳಿಕೊಳ್ಳುವಾಗ ನಾವು ಕಳೆದುಕೊಂಡದ್ದು ನಮ್ಮ ಆತಂಕ, ಆಕೆ ಕಳೆದುಕೊಂಡದ್ದು ಓಣಿ. ಎಷ್ಟೋ ಸಲ ‘ಆಸರೆ’ ಬೇಕಾಗಿರುವುದು ಬೆಂಗಳೂರಿನಲ್ಲಿ ಕೂತ ಮಗನ ಮನಸ್ಸಿಗೆ. ಕರೆತಂದ ಮೇಲೆ ದಿನವಿಡೀ ನೋಡಿಕೊಳ್ಳುವವರು ಯಾರು? ಬಹಳ ಮನೆಗಳಲ್ಲಿ ಸೊಸೆ. ಆಕೆಯನ್ನು ಕೇಳದೆ ಮಗ ಮಾಡುವ ನಿರ್ಧಾರವನ್ನು ತಾಯಿಪ್ರೀತಿ ಅನ್ನುವುದು ನನಗೆ ಕಷ್ಟ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ, ಕಲ್ಯಾಣ ಕಾಯ್ದೆಯಲ್ಲಿ ‘ಪೋಷಣೆ’ ಅಂದರೆ ಊಟ, ಬಟ್ಟೆ, ವಾಸ, ಚಿಕಿತ್ಸೆ. ಮಕ್ಕಳು ಕೊಡದಿದ್ದರೆ ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು. ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಜೈಲು ಕೂಡ ಇದೆ. ಹಿರಿಯರಿಗಾಗಿ 14567 ಸಹಾಯವಾಣಿ ಇದೆ. 2024ರ ಅಕ್ಟೋಬರಿನಿಂದ 70 ದಾಟಿದವರಿಗೆ ವರಮಾನ ಕೇಳದೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ವಿಮೆಯೂ ಬಂದಿದೆ. ಇವೆಲ್ಲ ಬೇಕು. ಆದರೆ ದುಡ್ಡು ಕಳಿಸು ಅಂತ ಕಾನೂನು ಹೇಳಬಹುದು, ಸಂತೆಗೆ ಹೋಗುವುದು ಯಾಕೆ ಬಿಟ್ಟಳು ಅಂತ ನೋಡು ಅನ್ನಲಾರದು. ನೋಡುವುದು ನಮ್ಮ ಪಾಲಿನ ಕರ್ತವ್ಯ. ತೀರ್ಮಾನ ಮಾತ್ರ, ಆದಷ್ಟು ದಿನ, ಅವರದೇ.

ಅದಕ್ಕೆ ಈ ಸಲ ಹಬ್ಬಕ್ಕೆ ಹೋದಾಗ ‘ಆರಾಮ ಅದೀಯೇನ’ ಅನ್ನುವುದರ ಜೊತೆ ಇನ್ನೊಂದು ಕೇಳಿ ನೋಡ್ರಿ. ಲ್ಯಾಪ್‌ಟಾಪ್ ಮುಚ್ಚಿ ಒಂದು ದಿನ ಅಡುಗೆಮನೆಯಲ್ಲಿ, ಕಟ್ಟೆಯ ಮೇಲೆ ಸುಮ್ಮನೆ ಕೂತು, ಕಂಡದ್ದನ್ನು ಕಂಡ ಹಾಗೆ ಹೇಳಿ, ಆಮೇಲೆ “ಏನೇ ಆದ್ರೂ ಯಾವುದು ನಿನ್ನ ಕೈ ಬಿಡಬಾರ್ದು?” ಅಂತ ಕೇಳ್ರಿ. ನಮ್ಮ ಅಪ್ಪನಿಗೆ ಕೇಳಿದೆ. ಹೊಲದ ಬಗ್ಗೆ, ತೊಗರಿಯ ಬಗ್ಗೆ ಏನರ ಹೇಳುತ್ತಾನೆ ಅಂದುಕೊಂಡಿದ್ದೆ. “ಹೊಲ ಬೇಕಾದವ್ರು ಮಾಡ್ಲಿ. ಮನಿ ಕೀಲಿಕೈ ನನ್ನ ಉಡದಾರದಾಗ ಇರ್ಲಿ” ಅಂದ. ಇರಲಿ ಅಂದೆವು. ಹೊಲ ಪಾಲಿಗೆ ಹಾಕಿದೆವು. ಅವನನ್ನೇ ಕೇಳಿ ಎರಡನೇ ಕೀಲಿಕೈ ಮಾಡಿಸಿ ದೊಡ್ಡವ್ವನ ಕಡೆ ಇಟ್ಟಿದ್ದೇವೆ.