ಮಗುವೆಂಬ ನ್ಯಾಸ

ಪತಿಪತ್ನಿಯರು ಬೇರೆಯಾಗುವುದು ಸರಿಯೇ ತಪ್ಪೇ ಎಂಬ ಚರ್ಚೆ ನಮ್ಮ ಸಮಾಜದಲ್ಲಿ ಹಳೆಯದು. ಅದು ಈ ಲೇಖನದ ವಿಷಯವಲ್ಲ. ನಾವು ಒಪ್ಪಲಿ, ಬಿಡಲಿ, ಅಂತಹ ಮನೆಗಳು ನಮ್ಮ ನಡುವೆ ಇವೆ. ನಮ್ಮ ಬಂಧುವರ್ಗದಲ್ಲಿಯೇ ಇವೆ. 1955ರ ಹಿಂದೂ ವಿವಾಹ ಕಾಯಿದೆಯು ಜೈನರಿಗೂ ಅನ್ವಯಿಸುವುದರಿಂದ, ವಿಚ್ಛೇದನ ಮತ್ತು ಮಕ್ಕಳ ಅಭಿರಕ್ಷೆಯ ಪ್ರಶ್ನೆಗಳು ಎದ್ದಾಗ ನಾವೂ ಅದೇ ನ್ಯಾಯಾಲಯದ ಮೆಟ್ಟಿಲು ಹತ್ತುತ್ತೇವೆ. ಇಲ್ಲಿ ವಿಚಾರಿಸಬೇಕೆಂದಿರುವುದು ಇಷ್ಟು: ಬೇರೆಯಾದ ಮೇಲೂ ಕಲಹ ನಿಲ್ಲದ ತಂದೆತಾಯಿಗಳ ನಡುವೆ ಬೆಳೆಯುವ ಮಗುವಿಗೆ ಅವರಿಬ್ಬರೂ, ಅವರ ಸುತ್ತಲಿನ ನಾವೂ ಏನನ್ನು ಸಲ್ಲಿಸಬೇಕಾಗಿದೆ?

ವ್ಯಾಪಾರಸ್ಥರ ಕುಟುಂಬಗಳಿಗೆ ವಿಭಾಗವೆಂಬುದು ಹೊಸದಲ್ಲ. ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಪಾಲುದಾರರು ಬೇರೆಯಾಗುತ್ತಾರೆ. ದಾಸ್ತಾನನ್ನು ಎಣಿಸಿ, ಬರತಕ್ಕ ಬಾಕಿಯನ್ನೂ ಕೊಡತಕ್ಕ ಬಾಕಿಯನ್ನೂ ಪಟ್ಟಿ ಮಾಡಿ, ಅಂಗಡಿಯ ಹೆಸರಿಗೂ ಒಂದು ಬೆಲೆ ಕಟ್ಟಿ ಹಂಚಿಕೊಳ್ಳುತ್ತಾರೆ. ಈ ಅಭ್ಯಾಸವೇ ಮಕ್ಕಳ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ರಾಜಿಗೆಂದು ಕುಳಿತ ಹಿರಿಯರು ಒಡವೆಗಳ ಪಟ್ಟಿ ಮುಗಿದ ಕೂಡಲೇ "ಇನ್ನು ಮಗುವಿನ ವಿಷಯ" ಎನ್ನುತ್ತಾರೆ. ಅದೇ ಕಾಗದದ ಮುಂದಿನ ಸಾಲಿನಲ್ಲಿ ಅದನ್ನೂ ಬರೆಯುತ್ತಾರೆ. ಆದರೆ ವ್ಯಾಪಾರದ ಶಾಸನವಾದ 1932ರ ಪಾಲುದಾರಿಕೆ ಕಾಯಿದೆ ಸಹ ಇಷ್ಟು ಅವಸರ ಮಾಡುವುದಿಲ್ಲ. ಸಂಸ್ಥೆ ವಿಸರ್ಜನೆಯಾದ ಮಾತ್ರಕ್ಕೆ ಪಾಲುದಾರರ ಪರಸ್ಪರ ಹಕ್ಕುಬಾಧ್ಯತೆಗಳು ಮುಗಿಯುವುದಿಲ್ಲ. ಆರಂಭವಾಗಿದ್ದು ಇನ್ನೂ ಪೂರೈಸದ ವ್ಯವಹಾರಗಳನ್ನು ಪೂರೈಸುವ ಮಟ್ಟಿಗೆ ಅವು ಮುಂದುವರಿಯುತ್ತವೆ ಎಂದು ಅದರ 47ನೆಯ ಪ್ರಕರಣ ಹೇಳುತ್ತದೆ. ನಾಲ್ಕು ಮೂಟೆ ಮೆಣಸಿನ ವ್ಯವಹಾರಕ್ಕೆ ಇಷ್ಟು ಎಚ್ಚರವಿರುವಾಗ, ಹತ್ತು ಹದಿನೈದು ವರ್ಷ ಬಾಕಿಯಿರುವ ಒಂದು ಬಾಲ್ಯದ ವಿಷಯದಲ್ಲಿ "ನಮ್ಮದೂ ಅವರದೂ ಲೆಕ್ಕ ಚುಕ್ತಾ ಆಯಿತು" ಎನ್ನುವುದು ಹೇಗೆ?

ನಮ್ಮ ದೇಶದ ಕಾನೂನು ಈ ಬಗ್ಗೆ ಬಹುಕಾಲದಿಂದ ಒಂದು ನಿಲುವನ್ನು ತಾಳಿದೆ. 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಲ್ಲಿಯೇ ಮಗುವಿನ ಕ್ಷೇಮದ ಮಾತಿದೆ; ತಿಳಿವಳಿಕೆಯಿಂದ ಆಯ್ಕೆ ಮಾಡುವ ವಯಸ್ಸು ಬಂದಿದ್ದರೆ ಮಗುವಿನ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದೆಂದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯು ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದೆಂದು ಹೇಳಿ, 13ನೆಯ ಪ್ರಕರಣದಲ್ಲಿ ಮಗುವಿನ ಕ್ಷೇಮವೇ ಪರಮ ಪರಿಗಣನೆಯೆಂದು ಸ್ಪಷ್ಟಪಡಿಸುತ್ತದೆ. ಅಂದರೆ ತಂದೆಯ ಹಕ್ಕು, ತಾಯಿಯ ಹಕ್ಕು ಎಂದು ನಾವು ಗಟ್ಟಿಯಾಗಿ ಹೇಳುವ ಮಾತುಗಳು ಕಾನೂನಿನ ದೃಷ್ಟಿಯಲ್ಲಿಯೂ ಎರಡನೆಯ ಸ್ಥಾನದವು.

ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು 2013ರಲ್ಲಿ ನೀಡಿದ ಒಂದು ತೀರ್ಪು ಇಲ್ಲಿ ನೆನೆಯತಕ್ಕದ್ದು. ಅಪ್ರಾಪ್ತವಯಸ್ಕ ಮಗುವೊಂದು ಪ್ರತಿವರ್ಷ ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿಯಲ್ಲಿಯೂ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿಯಲ್ಲಿಯೂ ಇರತಕ್ಕದ್ದು; ವಿದ್ಯಾಭ್ಯಾಸ ಮೊದಲಾದ ವೆಚ್ಚವನ್ನು ಇಬ್ಬರೂ ಸಮನಾಗಿ ಭರಿಸತಕ್ಕದ್ದು; ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರಗಳಲ್ಲಿ ಮತ್ತೊಬ್ಬರು ಭೇಟಿ ಮಾಡಬಹುದು; ದೂರವಾಣಿಯಲ್ಲಿ, ವಿಡಿಯೋದಲ್ಲಿ ಮಾತನಾಡಲು ಮಗುವಿಗೆ ಅವಕಾಶವಿರತಕ್ಕದ್ದು ಎಂದು ಆ ಆದೇಶ. ಎರಡು ವರ್ಷಗಳ ನಂತರ, 2015ರ ಮೇ ತಿಂಗಳಲ್ಲಿ, ಭಾರತದ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಅಭಿರಕ್ಷೆಗೆ ಕಾಯಿದೆಯಲ್ಲಿಯೇ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತು. 2013ರ ತೀರ್ಪನ್ನು ಕೇಳಿದವರೆಲ್ಲ ಆರು ತಿಂಗಳು, ಆರು ತಿಂಗಳು ಎಂಬ ಸಮಪಾಲನ್ನೇ ಹಿಡಿದು ಮಾತನಾಡುತ್ತಾರೆ. ನನಗಾದರೋ ಅದರಲ್ಲಿ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ದೂರವಾಣಿಯ ಮಾತು. ಒಂದು ಮನೆಯಲ್ಲಿರುವಾಗ ಇನ್ನೊಂದು ಮನೆಯ ಹೆಸರನ್ನು ಅಂಜಿಕೆಯಿಲ್ಲದೆ ಎತ್ತಲು ಮಗುವಿಗೆ ಅಲ್ಲಿ ಅನುಮತಿ ದೊರೆತಿದೆ. ದಿನಗಳ ಲೆಕ್ಕ ತಂದೆತಾಯಿಗಳಿಗೆ ನ್ಯಾಯ. ಮಗುವಿಗೆ ನ್ಯಾಯ ಎಲ್ಲಿದೆಯೆಂದರೆ ಈ ಅನುಮತಿಯಲ್ಲಿದೆ.

ಸಮಪಾಲಿನ ಮೋಹವು ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಹೊರದೇಶದ ಒಂದು ಅನುಭವವಿದೆ. ಆಸ್ಟ್ರೇಲಿಯಾ ದೇಶವು 2006ರಲ್ಲಿ ತನ್ನ ಕೌಟುಂಬಿಕ ಕಾನೂನನ್ನು ತಿದ್ದಿ, ತಂದೆತಾಯಿಗಳಿಬ್ಬರಿಗೂ ಸಮಾನ ಹೊಣೆಯಿದೆ ಎಂದು ಮೊದಲೇ ಊಹಿಸಿಕೊಂಡು ವಿಚಾರಣೆಗೆ ತೊಡಗಬೇಕೆಂದು ವಿಧಿಸಿತು. ಹೊಣೆ ಸಮಾನ ಎಂದಿದ್ದುದನ್ನು ಜನರು ದಿನಗಳೂ ಸಮಾನ ಎಂದು ಓದಿಕೊಂಡರು. ಕಡೆಗೆ 2023ರ ತಿದ್ದುಪಡಿಯ ಮೂಲಕ ಆ ಊಹೆಯನ್ನೇ ತೆಗೆದುಹಾಕಲಾಯಿತು; 2024ರ ಮೇ ತಿಂಗಳಿನಿಂದ ಅದು ಜಾರಿಯಲ್ಲಿಲ್ಲ. ಹಂಚಿಕೆಯ ಪಾಲನೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪರಸ್ಪರ ಮಾತನಾಡಬಲ್ಲ ಇಬ್ಬರ ನಡುವೆ ಅದು ಉತ್ತಮವಾದ ವ್ಯವಸ್ಥೆ. ಬದ್ಧದ್ವೇಷವಿರುವ ಇಬ್ಬರ ನಡುವೆ ಮಾತ್ರ, ಒಂದೊಂದು ಹಸ್ತಾಂತರವೂ ಒಂದೊಂದು ಕದನವಾಗುತ್ತದೆ. ಅಂತಹವರು ಎದುರುಬದುರಾಗುವ ಸಂದರ್ಭಗಳನ್ನೇ ಕಡಿಮೆ ಮಾಡಿಕೊಳ್ಳುವುದು ಮೇಲು: ಒಬ್ಬರು ಬೆಳಿಗ್ಗೆ ಶಾಲೆಗೆ ಬಿಡುವುದು, ಸಂಜೆ ಮತ್ತೊಬ್ಬರು ಶಾಲೆಯಿಂದಲೇ ಕರೆದೊಯ್ಯುವುದು; ಹೇಳಬೇಕಾದುದನ್ನು ಚುಟುಕಾಗಿ ಬರೆದು ತಿಳಿಸುವುದು. ಸ್ನೇಹವಿಲ್ಲದೆಯೂ ಶಿಸ್ತು ಸಾಧ್ಯ. ಮುಖ ನೋಡಲಾರದ ವ್ಯಾಪಾರಿಗಳು ದಲ್ಲಾಳಿಯ ಚೀಟಿಯ ಮೇಲೆ ವರ್ಷಾನುಗಟ್ಟಲೆ ವ್ಯವಹಾರ ನಡೆಸಿದ್ದನ್ನು ನಮ್ಮ ಪೇಟೆಗಳು ಕಂಡಿವೆ. ಈ ದಲ್ಲಾಳಿಯ ಕೆಲಸಕ್ಕೆ ಮಗುವನ್ನು ನೇಮಿಸಕೂಡದು, ಅಷ್ಟೆ. "ಫೀಸು ಕಟ್ಟಿಲ್ಲವೆಂದು ನಿಮ್ಮಪ್ಪನಿಗೆ ಹೇಳು" ಎಂಬ ಮಾತನ್ನು ಹೊತ್ತು ಹೋಗುವ ಮಗು ಅದರ ಉತ್ತರವನ್ನೂ ಹೊತ್ತು ತರಬೇಕಾಗುತ್ತದೆ.

ಹಿಂಸೆ ನಡೆದ ಮನೆಗಳ ವಿಚಾರ ಬೇರೆಯೇ. ಹೊಡೆತ, ಬೆದರಿಕೆಗಳಿದ್ದಲ್ಲಿ "ಇಬ್ಬರಿಗೂ ಸಮವಾಗಿ" ಎನ್ನುವುದು ಸಮತೆಯಲ್ಲ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯು, ಮಗುವಿಗೆ ಹಾನಿಯಾಗುವುದೆಂದು ಕಂಡಲ್ಲಿ ಭೇಟಿಯನ್ನು ನಿರಾಕರಿಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ರಾಜಿಯ ಉತ್ಸಾಹದಲ್ಲಿ ಹಿರಿಯರು ಇದನ್ನು ಮರೆಯಬಾರದು.

ಇನ್ನು ನನ್ನ ಮುಖ್ಯ ವಿಚಾರ. ತತ್ತ್ವಾರ್ಥಸೂತ್ರದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ಇಟ್ಟ ಠೇವಣಿಯನ್ನು ನುಂಗುವುದು ಕಳ್ಳತನವಲ್ಲವೇ, ಅದು ಅಸ್ತೇಯದ ಕೆಳಗೆ ಬರದೆ ಸತ್ಯದ ಕೆಳಗೆ ಏಕೆ ಬಂದಿತು ಎಂದು ವಾಚಕರಿಗೆ ಸಂದೇಹ ಬರಬಹುದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇದನ್ನು ವಿವರಿಸಿರುವ ರೀತಿ ಸೂಕ್ಷ್ಮವಾದುದು. ಹೊನ್ನನ್ನು ನಂಬಿ ಇಟ್ಟವನು ಎಷ್ಟು ಇಟ್ಟಿದ್ದೇನೆಂಬುದನ್ನು ಮರೆತು, ಕಡಿಮೆ ಸಂಖ್ಯೆಯನ್ನು ಹೇಳಿ ಹಿಂದಕ್ಕೆ ಕೇಳುತ್ತಾನೆ. ಇಟ್ಟುಕೊಂಡವನು "ಹೌದು, ಅಷ್ಟೇ" ಎನ್ನುತ್ತಾನೆ. ಅವನು ಕಸಿದುಕೊಳ್ಳಲಿಲ್ಲ, ಸುಳ್ಳನ್ನು ತಾನಾಗಿ ಕಟ್ಟಲಿಲ್ಲ. ಕೇಳಿದವನ ಅಜ್ಞಾನಕ್ಕೆ ಒಪ್ಪಿಗೆ ಕೊಟ್ಟನು. ಆ ಒಪ್ಪಿಗೆಯ ಮಾತೇ ದೋಷ.

ಕಲಹದ ಮನೆಯ ಮಗುವೂ ಹೀಗೆಯೇ ಕಡಿಮೆ ಕೇಳುತ್ತದೆ. ತನಗೆ ಇಬ್ಬರ ವಾತ್ಸಲ್ಯವೂ, ಎರಡು ಕಡೆಯ ಅಜ್ಜ ಅಜ್ಜಿಯರೂ ಸಲ್ಲಬೇಕಾಗಿದ್ದಾರೆಂಬ ಎಣಿಕೆ ಅದಕ್ಕೆ ತಿಳಿಯದು. ತಾಯಿಯ ಕಣ್ಣೀರನ್ನು ಕಂಡ ಮಗ "ನನಗೆ ಅಪ್ಪ ಬೇಡ" ಎನ್ನುತ್ತಾನೆ. ತಂದೆಯ ಮನೆಯಲ್ಲಿ ಬೆಳೆಯುತ್ತಿರುವ ಮಗಳು "ಅಮ್ಮ ಬಾರದಿದ್ದರೂ ಪರವಾಗಿಲ್ಲ" ಎನ್ನುತ್ತಾಳೆ. ಆಗ ಮನೆಯವರು "ನೋಡಿದಿರಾ, ಮಗುವೇ ಹೇಳುತ್ತಿದೆ" ಎಂದು ನೆಮ್ಮದಿಪಡುತ್ತಾರೆ. ಹೌದು, ಅಷ್ಟೇ ಎಂದ ಆ ವರ್ತಕನ ಮಾತಿಗೂ ಇದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಕಡಿಮೆ ಕೇಳಿದ ಮಗುವಿಗೆ ಪೂರ್ಣ ಸಂಖ್ಯೆಯನ್ನು ನೆನಪಿಸುವುದು ಅದನ್ನು ಇಟ್ಟುಕೊಂಡವರ ಕರ್ತವ್ಯ: "ನಮ್ಮಿಬ್ಬರಿಗೆ ಸರಿಹೋಗಲಿಲ್ಲ, ಮಗೂ. ಆದರೆ ಅವರು ನಿನ್ನ ಅಪ್ಪ. ನಿನ್ನ ಮೇಲೆ ಅವರಿಗೆ ಪ್ರೀತಿಯಿದೆ." ಈ ಮಾತನ್ನು ಹೇಳುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲವನಂತೆ ನಟಿಸುವುದಿಲ್ಲ. ಹೇಳಿದವರನ್ನು ಕಂಡಿದ್ದೇನೆ.

ಮಗು ತಾನಾಗಿ ನಿರಾಕರಿಸುತ್ತಿದೆಯೋ, ಯಾರಾದರೂ ಕಲಿಸಿದ್ದಾರೋ ಎಂಬುದನ್ನು ತಿಳಿಯುವುದು ನ್ಯಾಯಾಧೀಶರಿಗೂ ಸುಲಭವಲ್ಲ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆಯ ಬಳಿ ಬೆಳೆದ ಬಾಲಕಿಯೊಬ್ಬಳನ್ನು ತಾಯಿಗೆ ಒಪ್ಪಿಸುತ್ತಾ, ಒಬ್ಬ ಪಾಲಕರಿಂದ ಮಗುವಿನ ಮನಸ್ಸನ್ನು ದೂರ ಮಾಡುವ ಪ್ರವೃತ್ತಿಯನ್ನು ವಿಸ್ತಾರವಾಗಿ ಚರ್ಚಿಸಿತು. ಆಮೇಲೆ ಆ ಮಾತು ವಕೀಲರ ಕೈಯಲ್ಲಿ ಆಯುಧವಾಯಿತು. ಮಗು ಬರಲೊಲ್ಲದೆಂದರೆ ಸಾಕು, ಎದುರು ಪಕ್ಷದವರು ತಲೆ ಕೆಡಿಸಿದ್ದಾರೆಂಬ ಆರೋಪ. 2024ರಲ್ಲಿ ಅದೇ ನ್ಯಾಯಾಲಯವು, ನಿರ್ದಿಷ್ಟ ನಡವಳಿಕೆಗಳನ್ನು ಗುರುತಿಸದೆ ತಂದೆಗಾಗಲಿ ತಾಯಿಗಾಗಲಿ ಅವಸರದಿಂದ ಆ ಹಣೆಪಟ್ಟಿಯನ್ನು ಅಂಟಿಸಬಾರದೆಂದು ಎಚ್ಚರಿಸಿತು. ಎರಡೂ ತೀರ್ಪುಗಳನ್ನು ಜೊತೆಗಿಟ್ಟು ಓದಬೇಕು. ಮಗುವಿನ ಬೇಡವೆಂಬ ಮಾತಿಗೆ ಕೆಲವೊಮ್ಮೆ ನಿಜವಾದ ಭಯವೇ ಕಾರಣವಾಗಿರುತ್ತದೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: ಅವರು ಮಾಡಿದ ತಪ್ಪನ್ನು ಇದ್ದಂತೆ ಹೇಳಿದರೆ ಅದು ಸತ್ಯವೇ ಅಲ್ಲವೇ, ಮುಚ್ಚಿಡುವುದು ಅಸತ್ಯವಲ್ಲವೇ? ಈ ಆಕ್ಷೇಪ ತೂಕವುಳ್ಳದ್ದು. ಆದರೆ ಅದೇ ಐದು ಅತಿಚಾರಗಳಲ್ಲಿ ರಹೋಭ್ಯಾಖ್ಯಾನವೆಂಬುದೂ ಇದೆ: ಸ್ತ್ರೀಪುರುಷರ ನಡುವೆ ಏಕಾಂತದಲ್ಲಿ ನಡೆದುದನ್ನು ಬಯಲು ಮಾಡುವುದು. ಹೇಳಿದ ಸಂಗತಿ ನಿಜವಾಗಿದ್ದರೂ ಅದು ಸತ್ಯವ್ರತಕ್ಕೆ ದೋಷವೆಂದೇ ಎಣಿಸಿದ್ದಾರೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆಯ ಪ್ರಕಾರ, ಉಭಯ ಪಕ್ಷಗಳಲ್ಲಿ ಒಬ್ಬರು ಬಯಸಿದರೂ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕು. ಅಪರಿಚಿತರ ಕಿವಿಗೆ ಬೀಳಬಾರದೆಂದು ನ್ಯಾಯಾಲಯದಲ್ಲಿ ಬಾಗಿಲು ಹಾಕಿಸಿದವರೇ ಮನೆಗೆ ಬಂದು ಮಗುವಿನೆದುರು ದಾವೆಯ ಕಾಗದಗಳನ್ನು ಓದುತ್ತಾರೆ.

ಹಾಗೆಂದು ಸುಳ್ಳು ಹೇಳಬೇಕೆಂದಲ್ಲ. "ಅಪ್ಪ ಪರದೇಶಕ್ಕೆ ಹೋಗಿದ್ದಾರೆ" ಎಂಬಂತಹ ಕಟ್ಟುಕಥೆ ಒಂದಲ್ಲ ಒಂದು ದಿನ ಬಯಲಾಗುತ್ತದೆ, ಆಮೇಲೆ ಹೇಳಿದವರ ಯಾವ ಮಾತಿಗೂ ಬೆಲೆಯಿರುವುದಿಲ್ಲ. ಮಗುವಿಗೆ ಸಂಬಂಧಿಸಿದ್ದನ್ನು ಮುಚ್ಚಬಾರದು: ಇನ್ನು ಮುಂದೆ ಎಲ್ಲಿ ಮಲಗುವುದು, ಯಾವ ಶಾಲೆ, ಯಾರು ಯಾವಾಗ ಬರುತ್ತಾರೆ, ಮುಖ್ಯವಾಗಿ ಇದು ನಿನ್ನ ತಪ್ಪಿನಿಂದ ಆದದ್ದಲ್ಲ ಎಂಬುದು. ಚಿಕ್ಕ ಮಕ್ಕಳು ಬಹುಮಟ್ಟಿಗೆ ತಮ್ಮ ಹಟದಿಂದಲೋ ತುಂಟತನದಿಂದಲೋ ಮನೆ ಒಡೆಯಿತೆಂದು ಒಳಗೊಳಗೇ ನಂಬಿರುತ್ತಾರೆ, ಕೇಳದೆ ಹೇಳುವುದಿಲ್ಲ. ದೊಡ್ಡವರ ನಡುವಿನದಕ್ಕೆ "ಅದು ದೊಡ್ಡವರ ವಿಷಯ" ಎಂಬ ಉತ್ತರವೇ ಸತ್ಯ.

ಮಾತಿನಷ್ಟೇ ಪ್ರಶ್ನೆಯೂ ಅಪಾಯಕರ. ಭಾನುವಾರ ಸಂಜೆ ಹಿಂದಿರುಗಿದ ಮಗುವನ್ನು ಅಜ್ಜಿ ಅಕ್ಕರೆಯಿಂದಲೇ ಕೇಳುತ್ತಾರೆ: "ಅಲ್ಲಿ ಏನು ಊಟ ಹಾಕಿದರು? ಯಾರು ಯಾರು ಬಂದಿದ್ದರು?" ಯಾವ ಉತ್ತರಕ್ಕೆ ಅಜ್ಜಿಯ ಮುಖ ಅರಳುತ್ತದೆ, ಯಾವುದಕ್ಕೆ ಬಾಡುತ್ತದೆ ಎಂಬುದನ್ನು ಎಂಟು ವರ್ಷದ ಮಗು ಎರಡೇ ವಾರಗಳಲ್ಲಿ ಕಲಿಯುತ್ತದೆ. ಆಮೇಲೆ ಇಲ್ಲಿ ಒಂದು, ಅಲ್ಲಿ ಒಂದು ಹೇಳತೊಡಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಉಂಟು. ಒಂದು ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯುತ್ತದೆ. ಇನ್ನೊಂದು ಮನೆಯವರು ಕೆಲಸದಿಂದ ಬರುವುದೇ ರಾತ್ರಿ ಎಂಟಕ್ಕೆ. ಮಗು ಅಲ್ಲಿ ರಾತ್ರಿ ಉಂಡಿತೇ ಎಂದು ಇಲ್ಲಿ ವಿಚಾರಣೆ ನಡೆಯುತ್ತದೆ. ನಿಯಮವನ್ನು ತಮ್ಮ ಮನೆಯಲ್ಲಿ ತಾವು ಪಾಲಿಸಿ ತೋರಿಸುವುದು ಸಂಸ್ಕಾರ. ಅದನ್ನು ಎದುರು ಮನೆಯವರ ಮೇಲಿನ ಸಾಕ್ಷ್ಯವಾಗಿ ಬಳಸಿದರೆ, ಮಗು ಕಲಿಯುವುದು ರಾತ್ರಿಭೋಜನ ತ್ಯಾಗವನ್ನಲ್ಲ, ಸುಳ್ಳನ್ನು.

ಹಣದ ವಿಚಾರದಲ್ಲಿ ವ್ಯಾಪಾರಸ್ಥರಾದ ನಮಗೆ ಬೇರೆಯೇ ಒಂದು ಪ್ರಲೋಭನೆ. "ಭೇಟಿಗೆ ಕಳಿಸಲಿಲ್ಲ, ಆದ್ದರಿಂದ ಈ ತಿಂಗಳ ಹಣ ಕೊಡುವುದಿಲ್ಲ" ಎಂದು ಒಬ್ಬರು. "ಹಣ ಬರಲಿಲ್ಲ, ಆದ್ದರಿಂದ ಕಳಿಸುವುದಿಲ್ಲ" ಎಂದು ಮತ್ತೊಬ್ಬರು. ಒಂದು ಬಾಕಿಗೆ ಇನ್ನೊಂದನ್ನು ವಜಾ ಹಾಕುವ ರೂಢಿಯಿದು. ಆದರೆ ವಜಾ ಹಾಕಬೇಕಾದರೆ ಎರಡು ಬಾಕಿಗಳೂ ಅದೇ ಇಬ್ಬರ ನಡುವಿನವಾಗಿರಬೇಕೆಂಬುದು ಕಿರ್ದಿ ಬರೆಯುವ ಗುಮಾಸ್ತನಿಗೂ ಗೊತ್ತು. ಶಾಲೆಯ ಫೀಸೂ ಭೇಟಿಯೂ ಗಂಡಹೆಂಡಿರ ನಡುವಿನ ಬಾಕಿಗಳಲ್ಲ. ಎರಡೂ ಮಗುವಿನ ಖಾತೆಯಲ್ಲಿ ಜಮೆಯಾಗಬೇಕಾದವು.

ನಮ್ಮ ಸಮಾಜದ ಹಿರಿಯರು ಇಂತಹ ಮನೆಗಳಿಗೆ ಹೋದಾಗ ತೀರ್ಪು ಕೊಡುವ ಉತ್ಸಾಹವನ್ನು ಸ್ವಲ್ಪ ತಗ್ಗಿಸಿಕೊಂಡರೆ ಒಳಿತು. ತಪ್ಪು ಯಾರದೆಂದು ಅಳೆಯಲು ನ್ಯಾಯಾಲಯವಿದೆ, ಬೇಕಾದವರಿಗೆ ಮಧ್ಯಸ್ಥಿಕೆಯ ಏರ್ಪಾಡೂ ಇದೆ. ಹಿರಿಯರು ಮಾಡಬಹುದಾದ ಚಿಕ್ಕಪುಟ್ಟ ಕೆಲಸಗಳು ಎಷ್ಟೋ ಉಳಿದಿವೆ. ಹಸ್ತಾಂತರದ ದಿನ ಎರಡೂ ಕಡೆಯವರಿಗೆ ಬೇಕಾದ ಒಬ್ಬ ಸೋದರಮಾವನೋ ದೊಡ್ಡಮ್ಮನೋ ಮಗುವಿನ ಕೈಹಿಡಿದು ಕರೆದೊಯ್ಯಬಹುದು. ಎರಡು ಮನೆಗಳಲ್ಲಿಯೂ ಮಗುವಿಗೆ ಒಂದೊಂದು ಜೊತೆ ಸಮವಸ್ತ್ರ, ಹಾಸಿಗೆ, ಚಪ್ಪಲಿ ಇರುವಂತೆ ನೋಡಿಕೊಳ್ಳಬಹುದು. ಇಲ್ಲದಿದ್ದರೆ ಅದು ಎರಡೂ ಕಡೆ ಚೀಲ ಹೊತ್ತ ಅತಿಥಿಯಾಗಿಬಿಡುತ್ತದೆ. ಶಾಲೆಯ ವಾರ್ಷಿಕೋತ್ಸವದ ದಿನ ತಂದೆ ಒಂದು ಕಡೆ, ತಾಯಿ ಒಂದು ಕಡೆ ಕುಳಿತಿದ್ದಾಗ, ವೇದಿಕೆಯಿಂದ ಇಳಿದ ಮಗು ಮೊದಲು ಯಾರ ಬಳಿಗೆ ಓಡಬೇಕೆಂದು ತಿಳಿಯದೆ ನಿಂತುಬಿಡುವುದುಂಟು. ಆಗ ಎದ್ದು ಹೋಗಿ, ಅದನ್ನು ಇಬ್ಬರ ಬಳಿಗೂ ಕರೆದೊಯ್ಯಲು ಒಬ್ಬರು ಬೇಕು.